ನಿಮಗಿದು ಗೊತ್ತೇ? – ಸ್ಕ್ರೂ ಬಿಗಿ ಇದ್ದರೆ ಕರೆಂಟು ತಣ್ಣಗೆ

ಹೊಸ ಮನೆಗೆ ವೈರಿಂಗ್ ಮಾಡಿಸುವಾಗ ವೈರಿನ ಬ್ರ್ಯಾಂಡ್ ಯಾವುದೆಂದು ಕೇಳುತ್ತೇವೆ. ಸ್ವಿಚ್ ಪ್ಲೇಟಿನ ಬಣ್ಣ ಆರಿಸಲು ಮನೆಮಂದಿಯೆಲ್ಲ ಅಂಗಡಿಗೆ ಹೋಗುತ್ತೇವೆ. ವೈರಿಗೂ ವೈರಿಗೂ ಸಂಬಂಧ ಕಟ್ಟುವ ಸ್ಕ್ರೂ ಕನೆಕ್ಟರ್ ಮಾತ್ರ ಎಲೆಕ್ಟ್ರಿಷಿಯನ್ ಕೊಡುವ ಚೀಟಿಯಲ್ಲಿ ಟೇಪು, ಮೊಳೆಗಳ ಜತೆ ‘ಇತರೆ’ ಎಂಬ ಸಾಲಿಗೆ ಸೇರಿಹೋಗುತ್ತದೆ. ಆದರೆ ವೈರು ನಡುವೆ ಸುಟ್ಟುಹೋಗುವುದು ಅಪರೂಪ. ಅದು ಸುಡುವುದು ತುದಿಯಲ್ಲಿ, ಸ್ಕ್ರೂ ಹಿಡಿದುಕೊಂಡಿರುವ ಅರ್ಧ ಸೆಂಟಿಮೀಟರಿನಲ್ಲಿ.

● ಲೂಸ್ ಕನೆಕ್ಷನ್ ಆದರೆ ಎಂಸಿಬಿ ಟ್ರಿಪ್ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಎಂಸಿಬಿಗೆ ಗೊತ್ತಾಗುವುದು ಎರಡೇ ಸಂಗತಿ: ಲೋಡು ಮೀರಿದ್ದು ಮತ್ತು ಶಾರ್ಟ್ ಆಗಿದ್ದು. ಆರ್‌ಸಿಸಿಬಿಗೆ ಗೊತ್ತಾಗುವುದು ಒಂದೇ: ಕರೆಂಟು ಭೂಮಿಗೆ ಸೋರಿದ್ದು. ಸಡಿಲ ಸ್ಕ್ರೂ ಈ ಮೂರರಲ್ಲಿ ಯಾವುದೂ ಅಲ್ಲ. ಅದು ಕರೆಂಟನ್ನು ಹೆಚ್ಚಿಸುವುದಿಲ್ಲ, ತುಸು ಕಡಿಮೆಯೇ ಮಾಡುತ್ತದೆ. ಅದೂ ಅಲ್ಲದೆ 16 ಆಂಪಿಯರಿನ ಎಂಸಿಬಿ 18 ಆಂಪಿಯರನ್ನು ಒಂದು ಗಂಟೆ ಹೊತ್ತರೂ ಟ್ರಿಪ್ ಆಗಬಾರದು ಎಂದು ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಅಂದಮೇಲೆ ಸಡಿಲ ಸ್ಕ್ರೂವಿಗೆ ಕಾವಲುಗಾರನೇ ಇಲ್ಲ.

● 3 ಕಿಲೋವ್ಯಾಟಿನ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದರ ಕನೆಕ್ಟರಿನಲ್ಲಿ ಒಂದೇ ಒಂದು ಸಡಿಲ ಸ್ಕ್ರೂ ಇದ್ದು, ಅಲ್ಲಿ 0.15 ಓಮ್ ಪ್ರತಿರೋಧ ಹುಟ್ಟಿದೆ ಎಂದುಕೊಳ್ಳಿ. ಕರೆಂಟಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿದರೆ 25 ವ್ಯಾಟ್. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸಾಧಾರಣ ಸೋಲ್ಡರಿಂಗ್ ಐರನ್ನಿನ ಶಕ್ತಿ ಅಷ್ಟೇ. ಅಂಥದ್ದೊಂದು ಐರನ್ನನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಗೋಡೆಯಲ್ಲಿ ಮುಚ್ಚಿದ ಹಾಗಾಯಿತು. ಸ್ನಾನದ ಮನೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲ. 230 ವೋಲ್ಟಿನಲ್ಲಿ ಕಳೆದುಹೋಗುವುದು ಎರಡು ವೋಲ್ಟ್ ಮಾತ್ರ, ನೀರು ಎಂದಿನಂತೆಯೇ ಕಾಯುತ್ತದೆ.

ಅದೇ 0.15 ಓಮನ್ನು ಇನ್ನೊಂದು ಬಗೆಯಲ್ಲಿ ನೋಡಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರಿನ ಪ್ರತಿರೋಧ ಕಿಲೋಮೀಟರಿಗೆ ಸುಮಾರು 7.4 ಓಮ್. ಹಾಗಾದರೆ 20 ಮೀಟರ್ ವೈರು ಉದ್ದಕ್ಕೂ ಹಂಚಿಕೊಂಡು ಹೊರುವ ಬಿಸಿಯನ್ನು ಈ ಕೆಟ್ಟ ಕನೆಕ್ಷನ್ ಒಂದೇ ಬಿಂದುವಿನಲ್ಲಿ ಹೊರುತ್ತಿದೆ. ಗಟ್ಟಿ ಕನೆಕ್ಷನ್ನಿನಲ್ಲಿ ಪ್ರತಿರೋಧ ಓಮಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿದ್ದರೆ ಬಿಸಿ ಕಾಲು ವ್ಯಾಟಿಗೂ ಕಡಿಮೆ.

● ಟೆಸ್ಟರ್ ಚುಚ್ಚಿದಾಗ ದೀಪ ಹತ್ತಿದರೆ ‘ಕರೆಂಟು ಬರ್ತಿದೆ, ಕನೆಕ್ಷನ್ ಸರಿ ಇದೆ’ ಎಂದು ಹೇಳಿಬಿಡುತ್ತಾರೆ. ಮೊದಲ ಮಾತು ಸರಿ, ಎರಡನೆಯದು ಸರಿಯಲ್ಲ. ಟೆಸ್ಟರಿನ ನಿಯಾನ್ ದೀಪಕ್ಕೆ ಆಂಪಿಯರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಕರೆಂಟು ಸಾಕು. ಒಂದೇ ಎಳೆ ತಾಗಿಕೊಂಡಿದ್ದರೂ ಅದು ಹೊಳೆಯುತ್ತದೆ. ಟರ್ಮಿನಲಿನ ಗುಣ ತಿಳಿಯುವುದು ಲೋಡು ಹಾಕಿದ ಮೇಲೆಯೇ.

● ಎರಡು ಲೋಹ ಒಂದಕ್ಕೊಂದು ಒತ್ತಿ ಕೂತಾಗ ಕಣ್ಣಿಗೆ ಕಾಣುವಷ್ಟು ಜಾಗವೆಲ್ಲ ತಾಗಿರುವುದಿಲ್ಲ. ನುಣುಪೆಂದು ಕಾಣುವ ಮೈಯಲ್ಲೂ ಸೂಕ್ಷ್ಮ ಉಬ್ಬುತಗ್ಗುಗಳಿರುತ್ತವೆ. ಉಬ್ಬಿನ ಮೇಲೆ ಉಬ್ಬು ಕೂತ ಕೆಲವೇ ಚುಕ್ಕೆಗಳ ಮೂಲಕ ಪೂರ್ತಿ ಕರೆಂಟು ನುಸುಳಬೇಕು. ಇದನ್ನು ಲೆಕ್ಕಕ್ಕೆ ತಂದು ಶಾಸ್ತ್ರವನ್ನಾಗಿ ಮಾಡಿದವರು ಬರ್ಲಿನ್ನಿನ ಸೀಮೆನ್ಸ್ ಕಂಪನಿಯಲ್ಲಿ ದುಡಿದ ರಾಗ್ನಾರ್ ಹೋಮ್. ವಿದ್ಯುತ್ ಸಂಪರ್ಕಗಳ ಬಗ್ಗೆ ಸಂಶೋಧಕರು ಪ್ರತಿವರ್ಷ ನಡೆಸುವ ಸಮ್ಮೇಳನಕ್ಕೆ ಇಂದಿಗೂ ಅವರದೇ ಹೆಸರು. ಸ್ಕ್ರೂ ಮಾಡುವ ಕೆಲಸ ಇಷ್ಟೇ: ಒತ್ತಡ ಹೆಚ್ಚಿಸಿ ಆ ಚುಕ್ಕೆಗಳನ್ನು ಚಪ್ಪಟೆ ಮಾಡುವುದು, ಅವುಗಳ ನಡುವೆ ಗಾಳಿ ನುಗ್ಗದ ಹಾಗೆ ನೋಡಿಕೊಳ್ಳುವುದು.

● ಎಷ್ಟು ಒತ್ತಡ? ತಲೆಯಿರುವ 4 ಮಿಲಿಮೀಟರ್ ಸ್ಕ್ರೂವನ್ನು ಮಾನದಂಡ ಹೇಳುವ 1.2 ನ್ಯೂಟನ್ ಮೀಟರ್ ಬಿಗಿಗೆ ತಂದರೆ ಅದು ವೈರನ್ನು ಒತ್ತುವ ಬಲ ಸುಮಾರು 150 ಕೆಜಿ ತೂಕಕ್ಕೆ ಸಮ. ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ಒಂದೂವರೆ ಕ್ವಿಂಟಲ್!

● ಈ ಬಿಗಿಗೆ ಪಟ್ಟಿಯೇ ಇದೆ. 3 ಮಿಲಿಮೀಟರ್ ಸ್ಕ್ರೂವಿಗೆ 0.5 ನ್ಯೂಟನ್ ಮೀಟರ್, 3.5ಕ್ಕೆ 0.8, 4ಕ್ಕೆ 1.2, 5ಕ್ಕೆ 2. ಹತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಒಂದು ಕೆಜಿ ತೂಗುಹಾಕಿದರೆ ಬರುವುದೇ ಸರಿಸುಮಾರು ಒಂದು ನ್ಯೂಟನ್ ಮೀಟರ್. ಪಟ್ಟಿಯಲ್ಲಿ ಬಿಗಿ ಬದಲಾಗುವ ವ್ಯಾಸದ ಮೆಟ್ಟಿಲುಗಳನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ: 2.8, 3.2, 3.6, 4.1, 4.7, 5.3, 6.0. ಹೆಚ್ಚಾಗಿ ಮೆಟ್ರಿಕ್ ಸ್ಕ್ರೂಗಳ ಸಾಲಿಗೆ ಸೇರದ ಈ ಅಳತೆಗಳು 1884ರ ಸುಮಾರಿಗೆ ಬ್ರಿಟಿಷರು ಗೊತ್ತುಮಾಡಿದ ‘ಬಿಎ’ ಸ್ಕ್ರೂಗಳ ಅಳತೆಗೆ ಸರಿಹೊಂದುತ್ತವೆ. ಹಾರ್ಡ್‌ವೇರ್ ಅಂಗಡಿಯ ಹಳಬರು ‘ಟೂ ಬಿಎ’, ‘ಫೋರ್ ಬಿಎ’ ಎನ್ನುವುದು ಇವನ್ನೇ.

ಇಷ್ಟೆಲ್ಲ ಪಟ್ಟಿ ಇದ್ದರೂ ಹೆಚ್ಚಿನವರು ಬಿಗಿ ಮಾಡುವುದು ಕೈಯ ಅಂದಾಜಿನಲ್ಲೇ. ಆ ಅಂದಾಜನ್ನು ನಂಬಬಾರದೆಂದು ಅಮೆರಿಕದ ವಿದ್ಯುತ್ ಸಂಹಿತೆ 2017ರಲ್ಲಿ ತೀರ್ಮಾನಿಸಿತು. ತಯಾರಕರು ಬಿಗಿಯ ಅಂಕಿ ನಮೂದಿಸಿದ್ದಲ್ಲಿ ಅಳತೆಯುಳ್ಳ ಟಾರ್ಕ್ ಸ್ಕ್ರೂಡ್ರೈವರನ್ನೇ ಬಳಸಬೇಕು ಎಂದಿತು. ನಮ್ಮಲ್ಲೂ ಎಂಸಿಬಿಯ ಮೈಮೇಲೆ ಅಥವಾ ಅದರ ಚೀಟಿಯಲ್ಲಿ ಎಷ್ಟೋ ಸಲ ‘ಎನ್‌ಎಂ’ ಎಂದು ಅಂಕಿ ಅಚ್ಚಾಗಿರುತ್ತದೆ. ಓದುವವರು ಬೇಕು, ಅಷ್ಟೆ.

● ಸ್ಕ್ರೂ ತಿರುಗಿಸಲು ಹಾಕಿದ ಬಲದಲ್ಲಿ ವೈರಿಗೆ ತಲುಪುವುದು ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದನ್ನು ಥ್ರೆಡ್ಡಿನ ಉಜ್ಜಾಟ ಮತ್ತು ತಲೆಯಡಿಯ ಉಜ್ಜಾಟ ತಿಂದುಹಾಕುತ್ತವೆ. ತುಕ್ಕು ಹಿಡಿದ ಸ್ಕ್ರೂ, ಸಿಮೆಂಟ್ ಧೂಳು ಸೇರಿದ ಸ್ಕ್ರೂ, ಒರಟು ಥ್ರೆಡ್ಡಿನ ಅಗ್ಗದ ಸ್ಕ್ರೂ ಕೈಗೆ ಬಿಗಿಯಾದಂತೆ ತೋರಿ ವೈರನ್ನು ಸಡಿಲ ಬಿಟ್ಟಿರುತ್ತವೆ. ಪ್ಲಾಸ್ಟರಿಂಗ್ ಮುಗಿಯುವ ಮುನ್ನವೇ ಸ್ವಿಚ್ ಬೋರ್ಡ್ ಕೂಡಿಸುವುದು ಅದಕ್ಕೇ ಒಳ್ಳೆಯ ಪದ್ಧತಿಯಲ್ಲ.

● ಹಾಗೆಂದು ಮೈಮೇಲೆ ಬಂದಂತೆ ತಿರುಗಿಸಿದರೂ ಕೆಡುಕೇ. ಹಿತ್ತಾಳೆಯ ಥ್ರೆಡ್ ಕಿತ್ತುಹೋಗುತ್ತದೆ, ಎಳೆಗಳು ತುಂಡಾಗುತ್ತವೆ.

● ಈಗ ಲೋಹಕ್ಕೆ ಬರೋಣ. ಒಳ್ಳೆಯ ಕನೆಕ್ಟರಿನ ಒಡಲು ಹಿತ್ತಾಳೆಯದು. ಕಟಿಂಗ್ ಯಂತ್ರಕ್ಕೆ ಹದವಾಗಿ ಬರಲೆಂದು ಬಳಸುವ ಹಿತ್ತಾಳೆಯಲ್ಲಿ ಸುಮಾರು 58 ಪಾಲು ತಾಮ್ರ, 39 ಪಾಲು ಸತು, 3 ಪಾಲು ಸೀಸ ಇರುತ್ತದೆ. ತಾಮ್ರದ ವಾಹಕ ಗುಣವನ್ನು 100 ಎಂದು ಹಿಡಿದರೆ ಹಿತ್ತಾಳೆಯದು 28ರ ಆಸುಪಾಸು, ಅಲ್ಯೂಮಿನಿಯಂ 61. ಹಿತ್ತಾಳೆಗೆ ಅಂಕ ಕಡಿಮೆ ಬಂದಿದ್ದರೂ ಥ್ರೆಡ್ ತಡೆದುಕೊಳ್ಳುವ ಗಟ್ಟಿತನ ಅದಕ್ಕಿದೆ. ಮೆತ್ತನೆಯ ಶುದ್ಧ ತಾಮ್ರದಲ್ಲಿ ಸ್ಕ್ರೂ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ದೇಶದಲ್ಲಿ ಇಂಥ ಹಿತ್ತಾಳೆ ಬಿಡಿಭಾಗಗಳ ದೊಡ್ಡ ಕಣಜ ಗುಜರಾತಿನ ಜಾಮ್‌ನಗರ. ಸಾವಿರಾರು ಸಣ್ಣ ಘಟಕಗಳು ಅಲ್ಲಿ ಇದೇ ಕಸುಬಿನಲ್ಲಿವೆ.

● ಹಿತ್ತಾಳೆಯೋ, ಬಣ್ಣ ಬಳಿದ ಕಬ್ಬಿಣವೋ ಎಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಬೊಂಬೆಯೂ ಆದೀತು. ಕನೆಕ್ಟರಿನ ಸ್ಕ್ರೂಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು ಒಡಲನ್ನು ಮಾತ್ರ ಪರೀಕ್ಷಿಸಿ. ಸ್ಕ್ರೂ ಉಕ್ಕಿನದಾಗಿದ್ದರೆ ತಪ್ಪಿಲ್ಲ, ಒಳ್ಳೆಯ ಕನೆಕ್ಟರುಗಳಲ್ಲೂ ಹಾಗಿರುತ್ತದೆ. ಒಡಲು ಗಟ್ಟಿಯಾಗಿ ಅಂಟಿದರೆ ಮಾತ್ರ ಅದನ್ನು ಅಂಗಡಿಗೆ ವಾಪಸ್ ಕೊಡಿ. ಅಂಟದೆ ಇದ್ದಮಾತ್ರಕ್ಕೆ ಉತ್ತಮ ಎಂದೂ ಅಲ್ಲ. ಕೊಳವೆಯ ಗೋಡೆ ತೆಳ್ಳಗಿದ್ದರೆ ಸ್ಕ್ರೂವಿಗೆ ಕಚ್ಚಲು ಎರಡೇ ಸುತ್ತು ಸಿಗುತ್ತದೆ. ದಪ್ಪ ಗೋಡೆ, ಮೊನೆ ಚೂಪಿಲ್ಲದ ಸ್ಕ್ರೂ, ಅಂಗೈಯಲ್ಲಿ ಇಟ್ಟಾಗ ಅನುಭವಕ್ಕೆ ಬರುವ ತೂಕ – ನನ್ನ ಮಟ್ಟಿಗೆ ಇವು ಮೂರೂ ಮೇಲೆ ಅಚ್ಚಾದ ‘15ಎ’ ಎಂಬ ಅಂಕಿಗಿಂತ ನಂಬಿಕೆಗೆ ಅರ್ಹ.

● ಹಿತ್ತಾಳೆಗೂ ಒಂದು ಶತ್ರು ಇದೆ. ಅದು ಪತ್ತೆಯಾದದ್ದು ಭಾರತದ ಮಳೆಗಾಲದಲ್ಲಿ! ಬ್ರಿಟಿಷ್ ಸೇನೆ ಇಲ್ಲಿ ದಾಸ್ತಾನಿಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲ ಕಳೆಯುವಷ್ಟರಲ್ಲಿ ತಾವಾಗಿಯೇ ಸೀಳಿರುತ್ತಿದ್ದವು. ಕುದುರೆ ಲಾಯಗಳ ಬಳಿ ಇಟ್ಟಾಗ ಹೀಗಾಗುತ್ತಿತ್ತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣ ಎಂಬುದು 1921ರಲ್ಲಿ ಖಚಿತವಾಯಿತು. ಒತ್ತಡದಲ್ಲಿರುವ ಹಿತ್ತಾಳೆಗೆ ತೇವದ ಜತೆ ಅಮೋನಿಯಾ ತಾಗಿದರೆ ಸೂಕ್ಷ್ಮ ಬಿರುಕು ಬಿಡುತ್ತದೆ. ಬಿಗಿದ ಟರ್ಮಿನಲ್ ಎಂದರೆ ಸದಾ ಒತ್ತಡದಲ್ಲಿರುವ ಹಿತ್ತಾಳೆ ತಾನೆ? ದನದ ಕೊಟ್ಟಿಗೆ, ಕೋಳಿ ಫಾರಂಗಳ ಒಳಗೆ ಬೋರ್ಡ್ ಹಾಕಿಸಿದವರು ಮುಚ್ಚಳ ಭದ್ರವಾಗಿರುವ ಡಬ್ಬಿ ಬಳಸಿ. ಬೋರ್ಡನ್ನು ಹೊರಗೋಡೆಗೆ ಸಾಗಿಸಿದರೆ ಇನ್ನೂ ಉತ್ತಮ.

● ಹೊರಗಿನ ಪ್ಲಾಸ್ಟಿಕ್ಕಿಗೂ ಪರೀಕ್ಷೆ ಉಂಟು. 850 ಡಿಗ್ರಿಗೆ ಕೆಂಪಗೆ ಕಾಸಿದ ತಂತಿಯ ಕುಣಿಕೆಯನ್ನು 30 ಸೆಕೆಂಡು ಅದಕ್ಕೆ ಒತ್ತಿಹಿಡಿಯುತ್ತಾರೆ. ತಂತಿ ತೆಗೆದ 30 ಸೆಕೆಂಡಿನೊಳಗೆ ಜ್ವಾಲೆ ಆರಬೇಕು. ಕರೆಂಟು ಹರಿಯುವ ಲೋಹವನ್ನು ಹಿಡಿದಿರುವ ಪ್ಲಾಸ್ಟಿಕ್ಕಿಗೆ ಈ ಕಠಿಣ ಮಟ್ಟ. ನೈಲಾನ್ 66 ಕರಗುವುದು 260 ಡಿಗ್ರಿಯ ಆಸುಪಾಸಿನಲ್ಲಿ, ಪಾಲಿಥೀನ್ 130 ಡಿಗ್ರಿ ತಲುಪುವುದರೊಳಗೇ. ಪಿವಿಸಿಯಂತೂ 80 ಡಿಗ್ರಿಯ ಸುತ್ತಲೇ ಮೆತ್ತಗಾಗುತ್ತದೆ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಕರಗುವುದೇ ಇಲ್ಲ, ಕರಿಕಾಗುತ್ತದೆ. ಕಾಯಿಲ್‌ಗೆ ಹತ್ತಿರ ಇರುವ ಕಡೆ, ಅಂದರೆ ಹೀಟರ್, ಓವನ್‌ಗಳೊಳಗೆ, ಪಿಂಗಾಣಿ ಕನೆಕ್ಟರೇ ಬೇಕು.

● ಒಳ್ಳೆಯ ಟರ್ಮಿನಲಿಗೆ ಪ್ರಯೋಗಾಲಯದಲ್ಲಿ ಕೊಡುವ ಕಾಟ ಕೇಳಿ. 2.5 ಸ್ಕ್ವೇರ್ ಎಂಎಂ ವೈರನ್ನು ಬಿಗಿದು ಅದರ ತುದಿಗೆ 700 ಗ್ರಾಂ ತೂಕ ಕಟ್ಟಿ 135 ಸುತ್ತು ತಿರುಗಿಸುತ್ತಾರೆ. ಆಮೇಲೆ ಐದು ಕೆಜಿಯಷ್ಟು ಬಲದಿಂದ ಒಂದು ನಿಮಿಷ ಜಗ್ಗುತ್ತಾರೆ. ವೈರು ಜಾರಬಾರದು, ಎಳೆ ತುಂಡಾಗಬಾರದು. ಪೂರ್ತಿ ಕರೆಂಟು ಹರಿಸಿದಾಗ ಸುತ್ತಲಿನ ಗಾಳಿಗಿಂತ 45 ಡಿಗ್ರಿ ಮೀರಿ ಬಿಸಿಯಾಗಬಾರದು. ವಿದ್ಯುತ್ ಉಪಕರಣಗಳನ್ನು ಹೀಗೆ ಒರೆಗೆ ಹಚ್ಚುವ ದೇಶದ ದೊಡ್ಡ ಸರ್ಕಾರಿ ಸಂಸ್ಥೆ, 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಇರುವುದು ನಮ್ಮ ಬೆಂಗಳೂರಿನಲ್ಲೇ. ಮನೆಯಲ್ಲಿ ನಿಮಗೆ ಸಾಧ್ಯವಿರುವ ಪರೀಕ್ಷೆ ಒಂದೇ: ಮೇನ್ ಆಫ್ ಮಾಡಿ, ಬಿಗಿದ ವೈರನ್ನು ಒಮ್ಮೆ ಜಗ್ಗಿ ನೋಡುವುದು. ಒಳ್ಳೆಯ ಎಲೆಕ್ಟ್ರಿಷಿಯನ್ ಇದನ್ನು ಯಾರೂ ಹೇಳದೆಯೇ ಮಾಡುತ್ತಾನೆ.

● ಈಗ ಸಿಗುವ 2.5 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರಿನ 36 ಎಳೆಗಳಿರುತ್ತವೆ. ಹಳೆಯ ಕಾಲದ 1/18, 3/20 ವೈರುಗಳಲ್ಲಿ ಇದ್ದದ್ದು ಒಂದು, ಮೂರು ದಪ್ಪ ಎಳೆ. ಸ್ಕ್ರೂಗಳಿಗೆ ಅವು ಅಂಜುತ್ತಿರಲಿಲ್ಲ. ಈಗಿನ ಸಣ್ಣ ಎಳೆಗಳ ಮೇಲೆ ಸ್ಕ್ರೂವಿನ ಮೊನೆ ನೇರವಾಗಿ ತಿರುಗಿದರೆ ಕೆಲವು ಕತ್ತರಿಸಿಹೋಗುತ್ತವೆ, ಕೆಲವು ಪಕ್ಕಕ್ಕೆ ಸರಿಯುತ್ತವೆ. ಆರು ಎಳೆ ಹೋದರೆ ವೈರಿನ ಆರನೇ ಒಂದು ಭಾಗ ಹೋಯಿತು. ದುಡ್ಡು ಮಾತ್ರ 36ಕ್ಕೂ ಕೊಟ್ಟಿದ್ದೀರಿ!

ಇದಕ್ಕೆ ಪರಿಹಾರ ಸುಲಭ. ತುದಿಗೆ ಪಿನ್ ಥಿಂಬಲ್ ಎಂಬ ಲೋಹದ ಪುಟ್ಟ ಟೊಪ್ಪಿ ಹಾಕಿ ಒತ್ತಿಸುವುದು, ಇಲ್ಲವೇ ಸ್ಕ್ರೂವಿಗೂ ವೈರಿಗೂ ನಡುವೆ ತೆಳು ತಗಡು ಇರುವ ಕನೆಕ್ಟರನ್ನೇ ಕೊಳ್ಳುವುದು. ಸಣ್ಣ ವೈರು ದೊಡ್ಡ ತೂತಿಗೆ ಹೋಗುವಾಗ ತುದಿಯನ್ನು ಇಮ್ಮಡಿ ಮಡಚಿ ತೂರಿಸಬೇಕು.

● ಎಳೆಗಳು ಹರಡದಿರಲೆಂದು ತುದಿಗೆ ಸೀಸ ಬೆಸೆದು ಸ್ಕ್ರೂವಿನಡಿ ಕೊಡುವವರಿದ್ದಾರೆ. ನೋಡಲು ಬಲು ಅಚ್ಚುಕಟ್ಟು. ಆದರೆ ಮಾನದಂಡಗಳು ಅದನ್ನು ನಿಷೇಧಿಸಿವೆ. ಬೆಸುಗೆ ಲೋಹ ಒತ್ತಡದಡಿ ನಿಧಾನವಾಗಿ ಹರಿದು ಜಾಗ ಬಿಡುತ್ತದೆ. ಇಂದು ಬಿಗಿಯಾದ ಸ್ಕ್ರೂ ಕೆಲವು ತಿಂಗಳಲ್ಲಿ ಯಾರೂ ಮುಟ್ಟದೆಯೇ ಸಡಿಲ.

● ಒಂದೇ ಸ್ಕ್ರೂವಿನಡಿ ಒಂದು ದಪ್ಪ, ಒಂದು ಸಣ್ಣ ವೈರು ಕೊಟ್ಟರೆ ಒತ್ತಡವೆಲ್ಲ ದಪ್ಪದ ಮೇಲೆ. ಸಣ್ಣದು ಸುಮ್ಮನೆ ನಿಂತಿರುತ್ತದೆ.

● ಎಂಸಿಬಿಯ ಟರ್ಮಿನಲ್ಲಿನಲ್ಲಿ ಸ್ಕ್ರೂ ತಿರುಗಿದಂತೆ ಒಂದು ಪುಟ್ಟ ಪಂಜರ ಮೇಲಕ್ಕೆ ಏರಿ ವೈರನ್ನು ಅಪ್ಪುತ್ತದೆ. ಅವಸರದಲ್ಲಿ ವೈರನ್ನು ಪಂಜರದೊಳಗೆ ಬಿಡದೆ ಅದರ ಹಿಂದಕ್ಕೆ ತೂರಿಸಿದರೆ ಸ್ಕ್ರೂ ಪೂರ್ತಿ ಬಿಗಿಯಾಗುತ್ತದೆ, ವೈರು ಮಾತ್ರ ಹೊರಗೇ ತಾಗಿಕೊಂಡಿರುತ್ತದೆ. ದೀಪವೂ ಉರಿಯುತ್ತದೆ, ಫ್ಯಾನೂ ತಿರುಗುತ್ತದೆ. ಎಂಸಿಬಿಗಳನ್ನು ಕೂಡಿಸುವ ಡಿಬಿ ಬಾಕ್ಸಿನಲ್ಲಿ ಬಹಳ ಸಲ ಕಾಣುವ ತಪ್ಪುಗಳಲ್ಲಿ ಇದೂ ಒಂದು.

● ತಾಮ್ರದ ಬೆಲೆ ಏರಿತೆಂದು ಅಮೆರಿಕದಲ್ಲಿ ಸುಮಾರು 1965ರಿಂದ 1973ರವರೆಗೆ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ವೈರಿಂಗ್ ಮಾಡಿದರು. ತಾಮ್ರದ ವೈರಿನ ಮನೆಗಳಿಗೆ ಹೋಲಿಸಿದರೆ 1972ಕ್ಕೆ ಮುಂಚಿನ ಅಲ್ಯೂಮಿನಿಯಂ ಮನೆಗಳಲ್ಲಿ ಯಾವುದಾದರೊಂದು ಕನೆಕ್ಷನ್ ಬೆಂಕಿ ಹತ್ತುವಷ್ಟು ಬಿಸಿಯಾಗುವ ಸಂಭವ 55 ಪಟ್ಟು ಹೆಚ್ಚು ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸಿತು. ವೈರಿನ ಉದ್ದದಲ್ಲಿ ದೋಷವಿರಲಿಲ್ಲ, ದೋಷ ಇದ್ದದ್ದು ಸ್ಕ್ರೂವಿನಡಿ. ಅಲ್ಯೂಮಿನಿಯಂ ಉಕ್ಕಿನ ಸ್ಕ್ರೂವಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ. ಬಿಸಿಯಾದಾಗ ಹಿಗ್ಗಿ ಸ್ಕ್ರೂವಿನಡಿ ಅಪ್ಪಚ್ಚಿಯಾಗುತ್ತದೆ, ತಣಿದಾಗ ಕುಗ್ಗಿ ಸಡಿಲ ಉಳಿಯುತ್ತದೆ. ಸಾಲದ್ದಕ್ಕೆ ಗಾಳಿ ತಾಗಿದ ಕ್ಷಣವೇ ಅದರ ಮೇಲೆ ಕರೆಂಟು ಬಿಡದ ಆಕ್ಸೈಡ್ ಪೊರೆ.

ನಮ್ಮಲ್ಲಿ ಮನೆಯೊಳಗೆ ತಾಮ್ರ ಬಂದಿದ್ದರೂ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಬಹಳ ಕಡೆ ಅಲ್ಯೂಮಿನಿಯಮ್ಮೇ. ಅದನ್ನು ತಾಮ್ರದ ವೈರಿಗೆ ನೇರವಾಗಿ ಹೊಸೆದು ಟೇಪು ಸುತ್ತಿದರೆ ಮಳೆಗಾಲದ ತೇವದಲ್ಲಿ ಎರಡು ಲೋಹಗಳ ನಡುವೆ ಬ್ಯಾಟರಿಯೇ ಶುರುವಾಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಅಂಥಲ್ಲಿ ಎರಡೂ ಲೋಹ ಸೇರಿಸಿ ಮಾಡಿದ ಬೈಮೆಟಾಲಿಕ್ ಲಗ್ ಹಾಕಿಸಬೇಕು.

● ಸಡಿಲ ತಾಮ್ರದ ಕನೆಕ್ಷನ್ ಕಿಡಿ ಹಾರಿಸುತ್ತ ಹಾರಿಸುತ್ತ ಒಂದು ಹಂತದಲ್ಲಿ ಕಿಡಿ ನಿಲ್ಲಿಸಿ ಕೆಂಡದಂತೆ ಹೊಳೆಯಲು ತೊಡಗಬಹುದು. ಅಲ್ಲಿ ಬೆಳೆದಿರುವುದು ತಾಮ್ರದ ಆಕ್ಸೈಡ್. ಲೋಹ ಬಿಸಿಯಾದಷ್ಟೂ ಕರೆಂಟಿಗೆ ಅಡ್ಡಿ ಹೆಚ್ಚುತ್ತದೆ, ಈ ಆಕ್ಸೈಡಿನಲ್ಲಿ ಅಡ್ಡಿ ಕಡಿಮೆಯಾಗುತ್ತದೆ. ಆದ್ದರಿಂದ ಕರೆಂಟೆಲ್ಲ ಬಿಸಿ ಗೆರೆಯೊಂದರಲ್ಲೇ ಹರಿದು ಅದು ಸಾವಿರ ಡಿಗ್ರಿ ದಾಟಬಲ್ಲದು. ಕಿಡಿ ಕಂಡರೆ ಲೈನು ಕಡಿಯುವ ಉಪಕರಣಗಳು ಈಗ ಬಂದಿವೆ. ಅಮೆರಿಕದಲ್ಲಿ 2002ರಿಂದ ಹೊಸ ಮನೆಗಳ ಮಲಗುವ ಕೋಣೆಗೆ ಅವನ್ನು ಹಾಕಬೇಕೆಂದು ಸಂಹಿತೆ ಹೇಳಿತು. ಆದರೆ ಈ ಕೆಂಡದಲ್ಲಿ ಕಿಡಿಯೇ ಇಲ್ಲವಲ್ಲ, ಅವಕ್ಕೂ ಇದು ಕಾಣುವುದಿಲ್ಲ.

● ಬ್ರಿಟನ್ನಿನಲ್ಲಿ ಮನೆಗಳ ಪ್ಲಾಸ್ಟಿಕ್ ಡಿಬಿ ಬಾಕ್ಸುಗಳಿಗೆ ಬೆಂಕಿ ಬೀಳುವುದು ಹೆಚ್ಚಿದಾಗ ಲಂಡನ್ನಿನ ಅಗ್ನಿಶಾಮಕ ದಳದವರು ಕಾರಣ ಹುಡುಕಿದರು. ಮುಖ್ಯವಾಗಿ ಸಿಕ್ಕಿದ್ದು ಸಡಿಲ ಸ್ಕ್ರೂಗಳು. 2016ರ ಜನವರಿಯಿಂದ ಅಲ್ಲಿ ಮನೆಗೆ ಹೊಸದಾಗಿ ಹಾಕುವ ಡಿಬಿ ಬಾಕ್ಸು ಉಕ್ಕಿನಂಥ ಉರಿಯದ ವಸ್ತುವಿನದಾಗಿರಬೇಕು, ಇಲ್ಲವೇ ಅಂಥ ಕಪಾಟಿನೊಳಗೆ ಇರಬೇಕು.

● ಮೂರು ಫೇಸ್ ಇರುವ ಮನೆಯಲ್ಲಿ ಎಲ್ಲಕ್ಕಿಂತ ದುಬಾರಿ ಸ್ಕ್ರೂ ನ್ಯೂಟ್ರಲ್‌ನದು. ಅದು ಸಡಿಲವಾದರೆ ಲೋಡು ಕಡಿಮೆ ಇರುವ ಫೇಸಿನಲ್ಲಿ ವೋಲ್ಟೇಜು 230 ದಾಟಿ 400ರತ್ತ ಏರುತ್ತದೆ. ಒಂದು ಕೋಣೆಯ ದೀಪ ಮಂಕಾಗಿ, ಇನ್ನೊಂದು ಕೋಣೆಯ ದೀಪ ಎಂದಿಗಿಂತ ಪ್ರಖರವಾಗಿ ಉರಿದರೆ ತಡಮಾಡದೆ ಮೇನ್ ಆಫ್ ಮಾಡಿ. ಟಿವಿ, ಫ್ರಿಜ್ ಉಳಿದರೆ ನಿಮ್ಮ ಪುಣ್ಯ. ಇನ್ನು ಅರ್ತ್ ಸ್ಕ್ರೂ ಸಡಿಲವಾದರೆ ಯಾವ ಲಕ್ಷಣವೂ ಇಲ್ಲ, ಶಾಕ್ ಹೊಡೆಯುವ ದಿನದವರೆಗೂ.

● 5 ಎಚ್‌ಪಿ ಬೋರ್‌ವೆಲ್ ಪಂಪಿನ ಮೋಟರು ಓಡುವಾಗ ಎಳೆಯುವುದು ಏಳೆಂಟು ಆಂಪಿಯರ್. ನೇರ ಸ್ಟಾರ್ಟರಿನಲ್ಲಿ ಚಾಲೂ ಆಗುವ ಕ್ಷಣದಲ್ಲಿ ಅದರ ಆರು ಪಟ್ಟಿನಷ್ಟು. ಪ್ರತಿ ಸಲ ಈ ಏಟು ತಿನ್ನುವುದು ಸ್ಟಾರ್ಟರಿನ ಟರ್ಮಿನಲ್ಲುಗಳು, ಅದರ ಮೇಲೆ ಕಾಂಟ್ಯಾಕ್ಟರಿನ ಅದುರು ಬೇರೆ. ಒಂದು ಫೇಸಿನ ಟರ್ಮಿನಲ್ ಸುಟ್ಟು ಬಿಟ್ಟುಕೊಂಡರೆ ಓಡುತ್ತಿರುವ ಮೋಟರು ಉಳಿದ ಎರಡು ಫೇಸಿನಿಂದಲೇ ಹೆಚ್ಚು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ರಿವೈಂಡಿಂಗ್ ಖರ್ಚಿನ ಮುಂದೆ ನಾಲ್ಕು ಥಿಂಬಲ್ಲಿನ ಬೆಲೆ ಏನೇನೂ ಅಲ್ಲ. ರೈತರು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುನ್ನ, ಸ್ಟಾರ್ಟರ್ ಡಬ್ಬಿ ಬಿಚ್ಚಿಸಿ ಇರುವೆ, ಹಲ್ಲಿಗಳ ಸಂಸಾರ ಖಾಲಿ ಮಾಡಿಸಿ ಸ್ಕ್ರೂ ಬಿಗಿಸುವುದು ಲಾಭದ ಕೆಲಸ.

● ಪ್ಯಾನೆಲ್ಲುಗಳಲ್ಲಿ ಸಾಲಾಗಿ ಜೋಡಿಸುವ ಟರ್ಮಿನಲ್ ಬ್ಲಾಕ್ ಹುಟ್ಟಿದ್ದು 1928ರಲ್ಲಿ, ಜರ್ಮನಿಯ ಎಸ್ಸೆನ್ ಪಟ್ಟಣದಲ್ಲಿ. ಹ್ಯೂಗೊ ಕ್ನೂಮನ್ ಅವರ ಫೀನಿಕ್ಸ್ ಕಂಪನಿ ಅದಕ್ಕೂ ಮುಂಚೆ ಟ್ರಾಮ್ ತಂತಿಗಳ ಹಿಡಿಕೆ ಮಾರುತ್ತಿತ್ತು. 1951ರಲ್ಲಿ ಅದೇ ದೇಶದ ಮಿಂಡನ್‌ನಲ್ಲಿ ವಾಗೊ ಕಂಪನಿ ಸ್ಕ್ರೂವನ್ನೇ ಬಿಟ್ಟು ಸ್ಪ್ರಿಂಗಿನ ಹಿಡಿತಕ್ಕೆ ಹೊರಳಿತು. ಸ್ಪ್ರಿಂಗು ವೈರು ಕುಗ್ಗಿದರೆ ತಾನೂ ಹಿಂಬಾಲಿಸಿ ಒತ್ತುತ್ತದೆ, ಸ್ಕ್ರೂವಿಗೆ ಆ ಗುಣ ಇಲ್ಲ. ಈಗ ನಮ್ಮ ಅಂಗಡಿಗಳಿಗೂ ಬಂದಿರುವ ಲಿವರ್ ಕನೆಕ್ಟರುಗಳು ಇದೇ ವಂಶದವು. ಫಾಲ್ಸ್ ಸೀಲಿಂಗ್ ಮೇಲಿನ ದೀಪಗಳಿಗೆ ಅಸಲಿ ಲಿವರ್ ಕನೆಕ್ಟರೇ ಮೇಲು ಎಂಬುದು ನನ್ನ ಅಭಿಪ್ರಾಯ. ನಕಲಿಗಿಂತ ಒಳ್ಳೆಯ ಹಿತ್ತಾಳೆ ಸ್ಕ್ರೂ ಕನೆಕ್ಟರ್ ಎಷ್ಟೋ ವಾಸಿ.

● ಸ್ವಿಚ್ ಬೋರ್ಡಿನ ಬಳಿ ಮೀನಿನ ವಾಸನೆ ಬರುತ್ತಿದ್ದರೆ ಬೆಕ್ಕನ್ನು ಬೈಯಬೇಡಿ. ಕೆಲವು ಬಗೆಯ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಅಂಥದೇ ವಾಸನೆ ಹೊರಡುತ್ತದೆ. ಕಂದಿದ ಸಾಕೆಟ್, ಕಪ್ಪಾದ ಪ್ಲಗ್ ಪಿನ್, ಮುಟ್ಟಿದರೆ ಪುಡಿಯಾಗುವ ವೈರಿನ ಸಿಪ್ಪೆಯೂ ಅದೇ ಕಾಯಿಲೆಯ ಗುರುತು. ಸಾಮಾನ್ಯ ಪಿವಿಸಿ ವೈರು ತಡೆಯಬೇಕಾದದ್ದು 70 ಡಿಗ್ರಿ ಮಾತ್ರ. ಸುಟ್ಟ ತುದಿಯನ್ನು ಹಾಗೆಯೇ ಮರಳಿ ಬಿಗಿದರೆ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ.

● ಥರ್ಮಲ್ ಗನ್ ಹಿಡಿದು ಬಿಸಿ ಅಳೆಯುವವರು ಗಮನಿಸಿ: ಫಳಫಳ ಹೊಳೆಯುವ ಹಿತ್ತಾಳೆ ತನ್ನ ನಿಜವಾದ ಬಿಸಿಯನ್ನು ಅದಕ್ಕೆ ತೋರಿಸುವುದಿಲ್ಲ, ಅಂಕಿ ಕಡಿಮೆ ಬರುತ್ತದೆ. ಪಕ್ಕದ ವೈರಿನ ಸಿಪ್ಪೆಯ ಮೇಲೆ ಗುರಿಯಿಟ್ಟರೆ ನಂಬಬಹುದಾದ ಅಂಕಿ ಸಿಗುತ್ತದೆ. ಲೋಡು ಹಾಕಿ ಅರ್ಧ ಗಂಟೆಯಾದರೂ ಕಾಯಬೇಕು.

● ಕೊನೆಯದಾಗಿ, ಮೀಟರಿನೊಳಗೂ ಸ್ಕ್ರೂ ಟರ್ಮಿನಲ್ಲುಗಳೇ ಇರುವುದು. ಆದರೆ ಅದರ ಸೀಲು ವಿದ್ಯುತ್ ಕಂಪನಿಯದು, ಅದನ್ನು ನೀವಾಗಲಿ ನಿಮ್ಮ ಎಲೆಕ್ಟ್ರಿಷಿಯನ್ ಆಗಲಿ ಒಡೆಯುವಂತಿಲ್ಲ. ಮೀಟರ್ ಬಿಸಿಯಾಗಿದ್ದರೆ, ಚಿರ್ ಎಂದು ಸದ್ದು ಬರುತ್ತಿದ್ದರೆ ಮೇನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ.